ಮೂವತ್ತೆರಡು ಮೈಲಿ, ಅರ್ಧ ಗಂಟೆ

ಹಿಚಿನ್‌ನಲ್ಲಿ ದೂರವನ್ನು ಗಡಿಯಾರ ನೋಡಿ ಹೇಳುತ್ತಾರೆ. ಲಂಡನ್ ಎಷ್ಟು ದೂರ ಎಂದು ಕೇಳಿದರೆ ‘ಅರ್ಧ ಗಂಟೆ’ ಎಂಬ ಉತ್ತರ ಬರುತ್ತದೆಯೇ ಹೊರತು ‘ಮೂವತ್ತೆರಡು ಮೈಲಿ’ ಎಂದು ಯಾರೂ ಹೇಳುವುದಿಲ್ಲ. ಅದೂ ವೇಗದ ರೈಲು ಸಿಕ್ಕಿದರೆ. ಊರ ನಡುವಿನ ಬೀದಿಗಳಲ್ಲಿ ಮನೆ ಮಾರಿಸಿಕೊಡುವ ಏಜೆಂಟರ ಕಚೇರಿಗಳಿವೆ. ಅವುಗಳ ಗಾಜಿನ ಹಿಂದೆ ದೀಪ ಹಾಕಿ ತೂಗುಬಿಟ್ಟ ಮನೆಗಳ ಚಿತ್ರಗಳನ್ನು ಶನಿವಾರದ ಸಂತೆಗೆ ಬಂದವರು ಚೀಲ ಕೆಳಗಿಟ್ಟು ನಿಂತು ನೋಡುತ್ತಾರೆ. ಎಲ್ಲರಿಗೂ ಕೊಳ್ಳುವ ಉದ್ದೇಶವೇನೂ ಇರುವುದಿಲ್ಲ. ನಮ್ಮಲ್ಲಿ ಚಿನ್ನದಂಗಡಿಯ ಮುಂದಿನ ಹಲಗೆಯ ದರವನ್ನು ದಾರಿಹೋಕರು ಓದಿಕೊಂಡು ಹೋಗುವಂತೆ, ಇವರು ತಮ್ಮ ಬೀದಿಯ ದರ ಓದಿಕೊಂಡು ಹೋಗುತ್ತಾರೆ. ಚಿತ್ರದ ಕೆಳಗೆ ಕೋಣೆ ಎಷ್ಟು, ಹಿತ್ತಲು ಯಾವ ದಿಕ್ಕಿಗೆ ಎನ್ನುವುದರ ಜೊತೆಗೆ ತಪ್ಪದೆ ಇರುವ ಇನ್ನೊಂದು ವಿವರ ಸ್ಟೇಷನ್ನಿಗೆ ಎಷ್ಟು ನಿಮಿಷದ ನಡಿಗೆ ಎನ್ನುವುದು.

ಲಂಡನ್ನಿನ ಉತ್ತರಕ್ಕೆ, ಹಾರ್ಟ್‌ಫರ್ಡ್‌ಷೈರ್ ಜಿಲ್ಲೆಯ ಮೇಲಂಚಿನಲ್ಲಿರುವ ಸುಮಾರು 35 ಸಾವಿರ ಜನರ ಊರು ಇದು. ನಡುವೆ ಹಿಜ್ ಎಂಬ ಸಣ್ಣ ಹೊಳೆ. ಸುಣ್ಣಕಲ್ಲಿನ ನೆಲದಿಂದ ಜಿನುಗಿ ಬರುವ ತಿಳಿನೀರು. ಬಹುಪಾಲು ಕಡೆ ದಾಟಿ ಹೋಗುವಷ್ಟೇ ಅಗಲ. ಅದರ ಹೆಸರಿನ ಹಿಂದೆ ಒಂದು ಕಾಗುಣಿತದ ಕತೆ ಇದೆ. ಹಿಕ್ಕೆ ಎಂಬ ಹಳೆಯ ಬುಡಕಟ್ಟಿನಿಂದ ಊರಿಗೆ ಹೆಸರು ಬಂತು ಎನ್ನುತ್ತಾರೆ. 1086ರ ಡೂಮ್ಸ್‌ಡೇ ದಾಖಲೆ ಬರೆದ ನಾರ್ಮನ್ ಗುಮಾಸ್ತರು ತಮ್ಮ ಕಿವಿಗೆ ಕೇಳಿದಂತೆ ಈ ಊರನ್ನು ‘ಹಿಜ್’ ಎಂದು ಬರೆದುಕೊಂಡರು. ಊರು ತನ್ನ ಹೆಸರನ್ನು ತಿದ್ದಿಕೊಂಡಿತು. ತಪ್ಪು ಕಾಗುಣಿತ ಹೊಳೆಯ ಪಾಲಿಗೆ ಉಳಿಯಿತು. ಹೊಳೆಯ ಒಂದು ದಡದಲ್ಲಿ ಸೇಂಟ್ ಮೇರೀಸ್ ಚರ್ಚು, ಇನ್ನೊಂದು ಬದಿಯಲ್ಲಿ ಸಂತೆ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಚರ್ಚು ಯಾಕೆ ಎಂದು ಹೊಸಬರಿಗೆ ಅನ್ನಿಸುತ್ತದೆ. ಉಣ್ಣೆ ವ್ಯಾಪಾರದ ದುಡ್ಡು ಗೋಪುರವಾಗಿ ನಿಂತದ್ದು ಇಂಗ್ಲೆಂಡಿನ ಹಲವು ಸಂತೆಯೂರುಗಳಲ್ಲಿ ಕಾಣುತ್ತದೆ. ಇಲ್ಲೂ ಅಷ್ಟೆ.

ಸಂತೆ 1939ರವರೆಗೆ ಈಗಿರುವ ಜಾಗದಲ್ಲಿರಲಿಲ್ಲ. ಅದಕ್ಕೂ ಮುಂಚೆ ಹತ್ತಿರದ ಮಾರ್ಕೆಟ್ ಪ್ಲೇಸ್‌ನಲ್ಲಿ ನೆರೆಯುತ್ತಿತ್ತು. ಈಗ ಚರ್ಚಿನೆದುರು ಹೊಳೆಯನ್ನು ಅಗಲ ಮಾಡಿ, ಬಾತುಕೋಳಿ ಬಿಟ್ಟು, ಬೆಂಚು ಹಾಕಿರುವ ಚೆಂದದ ಜಾಗದ ಆಸುಪಾಸಿನಲ್ಲಿ ಆಗ ಬೆಳಕು ಕಾಣದ ವಠಾರಗಳು ಒತ್ತಿಕೊಂಡಿದ್ದವು. 1920ರ ದಶಕದಲ್ಲಿ ಆ ವಠಾರಗಳನ್ನು ಕೆಡವಿದರು. ಇಂದು ಏಜೆಂಟರು ‘ಹೊಳೆಯ ನೋಟ’ ಎಂದು ಬೆಲೆ ಕಟ್ಟುವ ಕಡೆ ಒಂದು ಕಾಲಕ್ಕೆ ಒಕ್ಕಲಿದ್ದವರು ಊರಿನ ಅತಿ ಬಡವರು.

ಆ ಬಡವರ ಹೊಟ್ಟೆಪಾಡು ಬಹುಮಟ್ಟಿಗೆ ಹುಲ್ಲಿನದು. ಗೋಧಿಯ ಹುಲ್ಲನ್ನು ಸೀಳಿ, ಬಾಯಲ್ಲಿ ಒದ್ದೆ ಮಾಡಿಕೊಂಡು, ಜಡೆಯಂತೆ ಹೆಣೆಯುವ ಕೆಲಸ. ಹೆಂಗಸರು, ಮಕ್ಕಳು ನಡೆಯುತ್ತಲೂ ಹೆಣೆಯುತ್ತಿದ್ದರು. ಇಪ್ಪತ್ತು ಗಜಕ್ಕೆ ಒಂದು ಕಟ್ಟು. ಸಂತೆಯ ದಿನ ಕಟ್ಟುಗಳನ್ನು ಮಾರಿದರೆ ಅವು ಲೂಟನ್ನಿನ ಟೋಪಿ ಕಾರ್ಖಾನೆಗೆ ಹೋಗುತ್ತಿದ್ದವು. ಕೆಲವು ಕಾಲ ಹೊಲದಲ್ಲಿ ದುಡಿಯುವ ಗಂಡನಿಗಿಂತ ಹುಲ್ಲು ಹೆಣೆಯುವ ಹೆಂಡತಿಯ ಗಳಿಕೆಯೇ ಹೆಚ್ಚಿದ್ದುದುಂಟು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಚೀನಾ, ಜಪಾನುಗಳಿಂದ ಅಗ್ಗದ ಹೆಣಿಗೆ ಬಂದು ಈ ಕಸುಬು ಮುಗಿಯಿತು. ಇನ್ನೊಂದು ಬೆಳೆ ಲ್ಯಾವೆಂಡರ್. ಪರ್ಕ್ಸ್ ಎಂಬ ಔಷಧದಂಗಡಿಯವರು ಅದರ ಹೂವನ್ನು ಬಟ್ಟಿ ಇಳಿಸಿ ಸುಗಂಧ ಮಾಡಿ ಊರ ಹೆಸರನ್ನು ದೂರಕ್ಕೆ ಒಯ್ದರು. ಈಗಲೂ ಪಕ್ಕದ ಇಕಲ್‌ಫರ್ಡ್ ಬಳಿಯ ಹೊಲವೊಂದು ಬೇಸಿಗೆಯಲ್ಲಿ ನೇರಳೆಯಾಗುತ್ತದೆ. ಫೋಟೋ ತೆಗೆಸಿಕೊಳ್ಳಲು ಜನ ಕಾರಿನಲ್ಲಿ ಬರುತ್ತಾರೆ.

ಊರಿನ ಹಣವಂತರಲ್ಲಿ ಕ್ವೇಕರ್ ಪಂಥದವರು ಮುಖ್ಯ. ಬಿಯರ್ ಬಟ್ಟಿ, ಔಷಧ, ಬ್ಯಾಂಕು ಅವರ ಕೈಯಲ್ಲಿದ್ದವು. ಅವರ ಬ್ಯಾಂಕು 1896ರಲ್ಲಿ ಬಾರ್ಕ್ಲೇಸ್‌ನಲ್ಲಿ ಕರಗಿತು. ಅದರ ಪಾಲುದಾರ ಫ್ರೆಡರಿಕ್ ಸೀಬೋಮ್ ಹಗಲು ಬ್ಯಾಂಕಿನ ಲೆಕ್ಕ ನೋಡುತ್ತ, ಉಳಿದ ವೇಳೆಯಲ್ಲಿ ಇಂಗ್ಲೆಂಡಿನ ಹಳ್ಳಿಗಳ ಹೊಲದ ಪಟ್ಟೆಗಳು ಯಾರ ಯಾರ ಕೈಯಲ್ಲಿ ಹೇಗೆ ಹಂಚಿಕೆಯಾಗಿದ್ದವು ಎಂದು ಹುಡುಕಿ 1883ರಲ್ಲಿ ಪುಸ್ತಕ ಬರೆದ. ಈ ಊರಿನ ಚರಿತ್ರೆ ಬರೆದ ರೆಜಿನಾಲ್ಡ್ ಹೈನ್ ವಕೀಲ. ಕ್ರಯಪತ್ರ, ಉಯಿಲು, ಅಡಮಾನದ ಕಾಗದಗಳ ನಡುವೆ ಕೂತು 1927 ಮತ್ತು 1929ರಲ್ಲಿ ಎರಡು ಸಂಪುಟ ತಂದ. ಊರಿನ ಕತೆ ಹೇಳಿದ ಇಬ್ಬರೂ ಜಮೀನು–ಮನೆಯ ಕಾಗದ ಓದುವವರೇ ಆಗಿದ್ದರು ಎನ್ನುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಕ್ವೀನ್ ಸ್ಟ್ರೀಟಿನ ಶಾಲೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1810ರಲ್ಲಿ ಶುರುವಾದ ಈ ಶಾಲೆಯಲ್ಲಿ 1837ರಲ್ಲಿ ಕಟ್ಟಿದ ಒಂದೇ ಒಂದು ದೊಡ್ಡ ಕೋಣೆ ಇದೆ. ಅದರಲ್ಲಿ 300 ಹುಡುಗರು, ಒಬ್ಬ ಮೇಷ್ಟ್ರು. ಮೇಷ್ಟ್ರು ಕೆಲವು ಚುರುಕು ಹುಡುಗರಿಗೆ ಕಲಿಸುತ್ತಾನೆ, ಅವರು ತಮ್ಮ ತಮ್ಮ ಗುಂಪಿಗೆ ಕಲಿಸುತ್ತಾರೆ. ಜೋಸೆಫ್ ಲ್ಯಾಂಕಾಸ್ಟರ್ ಹಬ್ಬಿಸಿದ ಈ ಪದ್ಧತಿಯ ಪೂರ್ಣ ಕೋಣೆ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಎನ್ನುತ್ತಾರೆ. ಈಗ ಅದು ಮ್ಯೂಸಿಯಂ. ಎಳೆಯರು ಹಲಗೆಯ ಮೇಲೆ ಹರಡಿದ ಮರಳಿನಲ್ಲಿ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ಈ ಮರಳು ಎಲ್ಲಿಂದ ಬಂತು ಎಂಬುದು ನಮಗೆ ಸಂಬಂಧಪಟ್ಟ ವಿಷಯ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಮಲಬಾರ್ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ಅದನ್ನೂ, ಹುಡುಗರಿಂದಲೇ ಹುಡುಗರಿಗೆ ಕಲಿಸುವ ಕ್ರಮವನ್ನೂ ತನ್ನ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಇಬ್ಬರಲ್ಲಿ ಯಾರು ಮೊದಲು ಎಂದು ಬೆಲ್–ಲ್ಯಾಂಕಾಸ್ಟರ್ ಬೆಂಬಲಿಗರು ಮುಂದೆ ಬಹಳ ಜಗಳವಾಡಿದರು. ನಮ್ಮ ಕೂಲಿಮಠಗಳಲ್ಲಿ ಮರಳ ಮೇಲೆ ‘ಅ’ ತಿದ್ದಿದ ಅಜ್ಜಂದಿರು ಆ ಜಗಳ ಕೇಳಿದ್ದರೆ ನಗುತ್ತಿದ್ದರು.

ರೈಲು ಬಂದದ್ದು 1850ರಲ್ಲಿ. ಮೊದಲು ಲಂಡನ್–ಪೀಟರ್‌ಬರೋ ದಾರಿ. ಅದೇ ವರ್ಷ ಇಲ್ಲಿಂದ ಕವಲೊಡೆದು ರಾಯ್‌ಸ್ಟನ್ ಕಡೆಗೆ ಇನ್ನೊಂದು, ಅದು ಮುಂದೆ ಕೇಂಬ್ರಿಜ್ ಮುಟ್ಟಿತು. ಈ ಕವಲಿನ ಫಲ ಮೊದಲು ಉಂಡವರು ಲಂಡನ್ನಿಗೆ ದುಡಿಯಲು ಹೋದವರಲ್ಲ. 1869ರಲ್ಲಿ ಎಮಿಲಿ ಡೇವಿಸ್ ಹೆಂಗಸರಿಗಾಗಿ ಒಂದು ಕಾಲೇಜು ತೆರೆಯಲು ಜಾಗ ಹುಡುಕಿದಳು. ಕೇಂಬ್ರಿಜ್‌ನಲ್ಲೇ ಮಾಡಿದರೆ ಜನ ಏನೆನ್ನುತ್ತಾರೋ ಎಂಬ ಅಳುಕು. ದೂರ ಹೋದರೆ ಪಾಠ ಹೇಳುವವರು ಸಿಗುವುದಿಲ್ಲ. ಹಿಚಿನ್‌ನ ಬೆನ್ಸ್ಲೋ ಹೌಸ್ ಎಂಬ ಮನೆಯನ್ನು ಬಾಡಿಗೆಗೆ ಹಿಡಿದು ಐದು ವಿದ್ಯಾರ್ಥಿನಿಯರೊಂದಿಗೆ ಶುರುಮಾಡಿದಳು. ಕೇಂಬ್ರಿಜ್‌ನ ಅಧ್ಯಾಪಕರು ರೈಲಿನಲ್ಲಿ ಬಂದು ಪಾಠ ಹೇಳಿ ರೈಲಿನಲ್ಲಿ ಮರಳುತ್ತಿದ್ದರು. 1873ರಲ್ಲಿ ಆ ಕಾಲೇಜು ಗರ್ಟನ್‌ಗೆ ಹೋಗಿ ಗರ್ಟನ್ ಕಾಲೇಜಾಯಿತು. ದುಡಿಮೆಗಾಗಿ ರೈಲಿನಲ್ಲಿ ಹೋಗಿಬರುವ ಸಂಪ್ರದಾಯಕ್ಕೆ ಈ ಊರಿನಲ್ಲಿ ನಾಂದಿ ಹಾಡಿದವರಲ್ಲಿ ಆ ಅಧ್ಯಾಪಕರೂ ಸೇರುತ್ತಾರೆ. ಮೇಲಾಗಿ, ಅಗ್ಗದ ಉಕ್ಕಿನ ದಾರಿ ಕಂಡುಕೊಂಡು ರೈಲುಹಳಿಗಳ ಜಗತ್ತನ್ನೇ ಬದಲಿಸಿದ ಹೆನ್ರಿ ಬೆಸೆಮರ್ 1813ರಲ್ಲಿ ಹುಟ್ಟಿದ್ದು ಹಿಜ್ ಹೊಳೆಯ ಮೇಲ್ಗಡೆಯ ಚಾರ್ಲ್‌ಟನ್ ಹಳ್ಳಿಯಲ್ಲಿ.

ರೈಲು ಬಂದ ಮಾತ್ರಕ್ಕೆ ಊರು ಲಂಡನ್ನಿನ ಮಲಗುವ ಕೋಣೆಯಾಗಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ರೈಲಿದ್ದೂ ತನ್ನ ಪಾಡಿಗೆ ತಾನಿದ್ದ ಸಂತೆಯೂರೇ. ಸ್ಟೇಷನ್ನಿನ ಆಸುಪಾಸು ರೈಲ್ವೆ ನೌಕರರಿಗೆ, ಕುಶಲಕರ್ಮಿಗಳಿಗೆ ಇಟ್ಟಿಗೆಯ ಸಾಲುಮನೆಗಳು ಎದ್ದವು: ಮುಂದೊಂದು ಹಿಂದೊಂದು ಕೋಣೆ, ಅಟ್ಟದ ಮೇಲೆ ಎರಡು, ಶೌಚಕ್ಕೆ ಹಿತ್ತಲು. 1978ರಲ್ಲಿ ವಿದ್ಯುತ್ ರೈಲು ಬಂದ ಮೇಲೆ ಓಡಾಟ ಚುರುಕಾಯಿತು. 2013ರಲ್ಲಿ ಕೇಂಬ್ರಿಜ್ ಕಡೆ ತಿರುಗುವ ರೈಲುಗಳು ಮುಖ್ಯ ಹಳಿಗೆ ಅಡ್ಡ ಬರದಂತೆ ಮೇಲ್ಸೇತುವೆ ಕಟ್ಟಿದರು. 2018ರಿಂದ ಲಂಡನ್ನಿನ ಹೊಟ್ಟೆಯೊಳಗಿಂದ ಹಾದು ಬ್ರೈಟನ್ ಕಡಲತೀರದವರೆಗೆ ಹತ್ತಿದ ಬೋಗಿಯಲ್ಲೇ ಹೋಗಬಹುದು. ಹೀಗೆ ಒಂದೊಂದು ಸಲ ನಿಮಿಷ ಉಳಿದಾಗಲೂ ಆ ಇಟ್ಟಿಗೆಯ ಸಾಲುಮನೆಗಳ ಬೆಲೆ ಏರಿತು. ಮನೆಯೊಡೆಯ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಫೋರ್‌ಮನ್‌ಗೆಂದು ಕಟ್ಟಿದ ಎರಡು ಮಲಗುಕೋಣೆಯ ಮನೆ ಇವತ್ತು ನಾಲ್ಕು ಲಕ್ಷ ಪೌಂಡಿನ ಆಸುಪಾಸು. ಹಿತ್ತಲಿನ ಶೌಚ ಈಗ ಸೈಕಲ್ ಇಡುವ ಗೂಡು.

ಲೆಕ್ಕ ಹೀಗಿದೆ. ಇಂಗ್ಲೆಂಡಿನಲ್ಲಿ 1997ರಲ್ಲಿ ನಡುಮಟ್ಟದ ಮನೆಯ ಬೆಲೆ ನಡುಮಟ್ಟದ ವಾರ್ಷಿಕ ಸಂಬಳದ ಸುಮಾರು ಮೂರೂವರೆ ಪಟ್ಟು. 2023ರ ಹೊತ್ತಿಗೆ ಎಂಟು ಪಟ್ಟಿಗಿಂತ ಮೇಲೆ. ಲಂಡನ್ನಿನ ಸುತ್ತಿನ ಈ ಭಾಗದಲ್ಲಿ ಅದಕ್ಕೂ ಮೇಲೆ. ಬ್ಯಾಂಕುಗಳು ಸಾಮಾನ್ಯವಾಗಿ ಸಂಬಳದ ನಾಲ್ಕೂವರೆ ಪಟ್ಟಿನ ಆಚೆ ಸಾಲ ಕೊಡಲು ಹಿಂಜರಿಯುತ್ತವೆ. ಮಿಕ್ಕದ್ದು ಎಲ್ಲಿಂದ? ಗಂಡ ಹೆಂಡತಿ ಇಬ್ಬರ ಸಂಬಳ, ಇಲ್ಲವೇ ಅಪ್ಪ ಅಮ್ಮ. ಹೆತ್ತವರ ಮನೆಯ ಬೆಲೆ ಏರಿದ್ದರಿಂದ ಮಕ್ಕಳಿಗೆ ಮುಂಗಡ ಸಿಗುತ್ತದೆ. ಹೆತ್ತವರು ಬಾಡಿಗೆ ಮನೆಯಲ್ಲಿದ್ದರೆ ಮಕ್ಕಳೂ ಬಾಡಿಗೆ ಮನೆಯಲ್ಲೇ. ಇಂಗ್ಲಿಷರು ತಮ್ಮಲ್ಲಿ ಜಾತಿ ಇಲ್ಲ ಎಂದುಕೊಳ್ಳುತ್ತಾರೆ. ಸ್ಟೇಷನ್ ಬೀದಿಯ ಮನೆಗಳ ವಂಶಾವಳಿ ನೋಡಿದವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ.

ಬಡ್ಡಿಯ ಮಾತು ಬೇರೆ. ಇಲ್ಲಿನ ಗೃಹಸಾಲದಲ್ಲಿ ಎರಡು ವರ್ಷಕ್ಕೋ ಐದು ವರ್ಷಕ್ಕೋ ಬಡ್ಡಿದರ ಕಟ್ಟಿಹಾಕಿರುತ್ತಾರೆ. ಅವಧಿ ಮುಗಿದ ಮೇಲೆ ಹೊಸ ದರ. ಬ್ಯಾಂಕ್ ಆಫ್ ಇಂಗ್ಲೆಂಡಿನ ದರ 2020ರ ಮಾರ್ಚಿನಲ್ಲಿ ಶೇ. 0.1 ಇತ್ತು; 2023ರ ಆಗಸ್ಟಿನಲ್ಲಿ ಶೇ. 5.25 ಆಯಿತು. ಆ ನಡುವೆ ಅವಧಿ ಮುಗಿದವರ ಮನೆಗಳಲ್ಲಿ ಅಡುಗೆಮನೆ ಹೊಸದು ಮಾಡಿಸುವ ಮಾತು ನಿಂತುಹೋಯಿತು. ಜೊತೆಗೆ ಲಂಡನ್ನಿಗೆ ರೈಲಿನ ವಾರ್ಷಿಕ ಪಾಸು ಐದು ಸಾವಿರ ಪೌಂಡು ದಾಟುತ್ತದೆ. ಲಂಡನ್ನಿಗಿಂತ ಇಲ್ಲಿ ಅಗ್ಗ ಎಂದು ಬಂದವರು ಈ ಎರಡನ್ನೂ ಕೂಡಿಸಿ ನೋಡುವುದು ಬಂದ ಮೇಲೆಯೇ.

ಕೊಳ್ಳುವ ವಿಧಾನವಂತೂ ತಾಳ್ಮೆಯ ಪರೀಕ್ಷೆ. ಬೆಲೆ ಕುದುರಿ, ಮನೆಯ ಮುಂದೆ ‘ಮಾರಾಟವಾಗಿದೆ’ ಎಂದು ಹಲಗೆ ನೆಟ್ಟರೂ ಏನೂ ಆಗಿರುವುದಿಲ್ಲ. ವಕೀಲರ ಪತ್ರ, ಗೋಡೆಯ ಸೀಳು–ಮಾಡಿನ ಬಿರುಕು ನೋಡುವ ಸರ್ವೆಯವರ ವರದಿ, ಬ್ಯಾಂಕಿನ ಒಪ್ಪಿಗೆ ಎಲ್ಲ ಆಗಿ ಎರಡೂ ಕಡೆಯ ಕರಾರು ಕೈಬದಲಾಗುವ ದಿನದವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಕೊಟ್ಟ ಮಾತಿಗೆ ಹೆಸರಾದ ಜನ ಎಂದು ನಾವು ಕೇಳಿಕೊಂಡು ಬಂದವರು ಮನೆಯ ವಿಷಯದಲ್ಲಿ ಮಾತು ಕೊಟ್ಟ ಮೇಲೂ ಹೆಚ್ಚು ಹಣ ತಂದವನ ಕಡೆ ವಾಲುತ್ತಾರೆ. ಅದಕ್ಕೆ ‘ಗ್ಯಾಜಂಪಿಂಗ್’ ಎಂಬ ಪದವನ್ನೇ ಮಾಡಿಕೊಂಡಿದ್ದಾರೆ. ಇದರ ಮೇಲೆ ‘ಚೈನ್’. ನಾನು ಕೊಳ್ಳುವ ಮನೆಯವನು ಇನ್ನೊಂದು ಮನೆ ಕೊಳ್ಳಬೇಕು, ಆ ಮನೆಯವನು ಮತ್ತೊಂದು. ಐದಾರು ಸಂಸಾರಗಳು ಒಂದೇ ದಿನ ಬೆಳಿಗ್ಗೆ ಸಾಮಾನು ಕಟ್ಟಿ, ಮಧ್ಯಾಹ್ನ ಹಣ ಬಂತೆಂಬ ಫೋನಿಗೆ ಕಾದು, ಬೀಗದ ಕೈ ಬದಲಾಯಿಸಿಕೊಳ್ಳಬೇಕು. ಒಬ್ಬರ ಮನೆಯಲ್ಲಿ ಗಂಡ ಹೆಂಡತಿ ಮುನಿಸಿಕೊಂಡರೆ ಆರು ಮನೆಯ ಸಾಮಾನು ಲಾರಿಯಲ್ಲೇ ಉಳಿಯುತ್ತದೆ.

ಗುಟ್ಟು ಮಾತ್ರ ಉಳಿಯುವುದಿಲ್ಲ. 1995ರಿಂದೀಚೆಗೆ ಯಾವ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಸರ್ಕಾರದ ಭೂನೋಂದಣಿ ಇಲಾಖೆಯ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಪಕ್ಕದ ಮನೆಯವರ ಸಂಬಳ ಕೇಳುವುದು ಇಲ್ಲಿ ಅಸಭ್ಯ. ಅವರ ಮನೆಯ ಬೆಲೆಯನ್ನು ರಾತ್ರಿ ಊಟವಾದ ಮೇಲೆ ಹುಡುಕಿ ನೋಡುವುದು ಎಲ್ಲರೂ ಮಾಡುವ, ಯಾರೂ ಒಪ್ಪಿಕೊಳ್ಳದ ಕೆಲಸ. ಇಷ್ಟೆಲ್ಲ ನಿಖರವಾಗಿ ಬೆಲೆ ಬರೆದಿಟ್ಟುಕೊಳ್ಳುವ ನಾಡು ಮನೆತೆರಿಗೆಯನ್ನು ಮಾತ್ರ 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬರುತ್ತಿತ್ತು ಎಂಬ ಅಂದಾಜಿನ ಮೇಲೆ ಈಗಲೂ ವಸೂಲು ಮಾಡುತ್ತದೆ. ಆ ಅಂದಾಜಿನಲ್ಲಿ ಮೂರು ಲಕ್ಷ ಇಪ್ಪತ್ತು ಸಾವಿರ ಪೌಂಡಿನ ಮೇಲಿನ ಮನೆಗಳೆಲ್ಲ ಅತಿ ಮೇಲಿನ ‘ಎಚ್’ ದರ್ಜೆ. ಅಲ್ಲಿಂದಾಚೆ ಅರಮನೆಯಾದರೂ ತೆರಿಗೆ ಅಷ್ಟೇ. ನಿನ್ನೆ ಕಟ್ಟಿದ ಮನೆಗೂ 1991ರಲ್ಲಿ ಇದ್ದಿದ್ದರೆ ಎಷ್ಟು ಬಾಳುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಮರುಮೌಲ್ಯಮಾಪನ ಮಾಡುವ ಧೈರ್ಯ ಇಂಗ್ಲೆಂಡಿನ ಯಾವ ಸರ್ಕಾರಕ್ಕೂ ಬಂದಿಲ್ಲ.

ಈ ಏರಿದ ಬೆಲೆ ಯಾರದು? ರೈಲು ಹಾಕಿದವರದೋ, ಶಾಲೆ ನಡೆಸಿದವರದೋ, ಸುಮ್ಮನೆ ಕೂತಿದ್ದ ಮನೆಯೊಡೆಯನದೋ? ಈ ಪ್ರಶ್ನೆ ಕೇಳಿದ ಮನುಷ್ಯ ಹಿಚಿನ್‌ನಿಂದ ಎರಡೂವರೆ ಮೈಲಿ ಆಚೆ ಒಂದು ಊರನ್ನೇ ಕಟ್ಟಿಸಿದ. ಎಬೆನೆಜರ್ ಹವರ್ಡ್ ಸಂಸತ್ತಿನ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಸಾಮಾನ್ಯ ಗುಮಾಸ್ತ. 1898ರಲ್ಲಿ ಬರೆದ ಪುಸ್ತಕದಲ್ಲಿ ಅವನ ಉಪಾಯ ಸರಳವಾಗಿತ್ತು: ಹೊಲದ ಬೆಲೆಗೆ ನೆಲ ಕೊಳ್ಳಬೇಕು, ಊರು ಕಟ್ಟಬೇಕು, ನೆಲವನ್ನು ಯಾರಿಗೂ ಮಾರದೆ ಗುತ್ತಿಗೆ ಕೊಡಬೇಕು, ಊರು ಬೆಳೆದಂತೆ ಏರುವ ನೆಲಬಾಡಿಗೆ ಊರಿನ ಖಜಾನೆಗೇ ಬರಬೇಕು. 1903ರಲ್ಲಿ ಲೆಚ್‌ವರ್ತ್‌ನಲ್ಲಿ ಸುಮಾರು 3,800 ಎಕರೆ ಕೊಂಡು ಮೊದಲ ಉದ್ಯಾನನಗರಿಯನ್ನು ಶುರುಮಾಡಿದರು. 1905ರಲ್ಲಿ 150 ಪೌಂಡಿನಲ್ಲಿ ಕಟ್ಟಬಹುದಾದ ಮನೆಗಳ ಪ್ರದರ್ಶನ ನಡೆಯಿತು. ಕಾಂಕ್ರೀಟಿನದು, ಮರದ್ದು, ವಿಚಿತ್ರ ಮೂಲೆಗಳದು ಎಂದು ಬಗೆಬಗೆಯ ಮನೆಗಳನ್ನು ನೋಡಲು ಸಾವಿರಾರು ಜನ ರೈಲು ಹತ್ತಿ ಬಂದರು. ಆ ಮನೆಗಳಲ್ಲಿ ಬಹಳಷ್ಟು ಇನ್ನೂ ನಿಂತಿವೆ. ಈಗ ಅವು ಲಕ್ಷಗಳ ಮಾತು.

ಲೆಚ್‌ವರ್ತ್‌ನವರು ಶಿಸ್ತಿನವರು. 1907ರಲ್ಲಿ ಅವರು ತೆರೆದ ಹೋಟೆಲಿನಲ್ಲಿ ಪಬ್ಬಿನ ಎಲ್ಲವೂ ಇತ್ತು, ಮದ್ಯವೊಂದಿರಲಿಲ್ಲ. ಬಾಯಾರಿದವರಿಗೆ ಹಿಚಿನ್ ಹತ್ತಿರವೇ ಇತ್ತು. ಹವರ್ಡ್‌ನ ಉಪಾಯ ಮಾತ್ರ ಅರ್ಧ ಗೆದ್ದಿತು, ಅರ್ಧ ಸೋತಿತು. 1960ರ ಸುಮಾರಿಗೆ ನೆಲದ ಒಡೆತನದ ಕಂಪನಿಯನ್ನೇ ಲಾಭಕ್ಕಾಗಿ ಹೊರಗಿನವರು ಹಿಡಿದರು. 1962ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿ ಅದನ್ನು ಬಿಡಿಸಬೇಕಾಯಿತು. 1967ರ ಇನ್ನೊಂದು ಕಾಯ್ದೆ ಗುತ್ತಿಗೆಯ ಮನೆಯವರಿಗೆ ನೆಲವನ್ನೂ ಕೊಂಡುಕೊಳ್ಳುವ ಹಕ್ಕು ಕೊಟ್ಟಿತು. ಮನೆಗಳ ಏರಿಕೆ ಅಲ್ಲಿಂದ ಮನೆಯೊಡೆಯರ ಜೇಬಿಗೆ. ಅಂಗಡಿ, ಕಾರ್ಖಾನೆ, ಹೊಲಗಳ ಬಾಡಿಗೆ ಇನ್ನೂ ಒಂದು ಪ್ರತಿಷ್ಠಾನಕ್ಕೆ ಬಂದು ಊರಿನ ಕೆಲಸಕ್ಕೆ ಖರ್ಚಾಗುತ್ತದೆ. ಬೆಂಗಳೂರನ್ನು ಉದ್ಯಾನನಗರಿ ಎನ್ನುವಾಗ ನಾವು ಮರಗಳನ್ನಷ್ಟೇ ನೆನೆಯುತ್ತೇವೆ. ಹವರ್ಡ್‌ನ ಲೆಕ್ಕದಲ್ಲಿ ಮರಕ್ಕಿಂತ ನೆಲಬಾಡಿಗೆ ದೊಡ್ಡದಿತ್ತು.

ಹಿಚಿನ್‌ನ ಇನ್ನೊಂದು ಬದಿಗೆ, ಲಂಡನ್ನಿನ ಕಡೆಗೆ, ಮುಂದಿನ ಸ್ಟೇಷನ್ ಸ್ಟೀವನೇಜ್. ಬಾಂಬು ಬಿದ್ದ ಲಂಡನ್ನಿನವರಿಗೆ ಮನೆ ಕೊಡಲು 1946ರಲ್ಲಿ ಸರ್ಕಾರ ಘೋಷಿಸಿದ ಮೊದಲ ಹೊಸ ಪಟ್ಟಣ. ಆಗ ಅಲ್ಲಿದ್ದ ಹಳೆಯ ಊರಿನವರು ಕೆರಳಿ, ಮಂತ್ರಿ ಲೂಯಿಸ್ ಸಿಲ್ಕಿನ್ ಬಂದಾಗ ಅವನ ಕಾರಿನ ಗಾಳಿ ಬಿಟ್ಟರು. ಸ್ಟೇಷನ್ನಿನ ಹೆಸರುಹಲಗೆಯ ಮೇಲೆ ‘ಸಿಲ್ಕಿನ್‌ಗ್ರಾಡ್’ ಎಂದು ಹಾಕಿದರು. ಇ. ಎಂ. ಫಾರ್ಸ್ಟರ್ ಹುಡುಗನಾಗಿ ಬೆಳೆದ ಮನೆ ಅಲ್ಲೇ. ಅವನ ‘ಹವರ್ಡ್ಸ್ ಎಂಡ್’ ಕಾದಂಬರಿಯ ಮನೆಗೆ ಅದೇ ಮಾದರಿ. ಸ್ಟೀವನೇಜ್‌ನಲ್ಲಿ ಸರ್ಕಾರಿ ನಿಗಮ ಕಟ್ಟಿದ ಮನೆಗಳು ಬಾಡಿಗೆಯವು. 1980ರ ಕಾಯ್ದೆ ಬಾಡಿಗೆದಾರರಿಗೆ ಸರ್ಕಾರಿ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟ ಮೇಲೆ ದೇಶದಾದ್ಯಂತ ಅಂಥ ಮನೆಗಳು ಕೈಬಿಟ್ಟವು. ಅಷ್ಟೇ ಸಂಖ್ಯೆಯ ಹೊಸವು ಎದ್ದಿಲ್ಲ. ಸ್ಟೀವನೇಜ್ ಲಂಡನ್ನಿಗೆ ಹಿಚಿನ್‌ಗಿಂತ ಹತ್ತಿರ. ಆದರೂ ಅಲ್ಲಿ ಮನೆ ಅಗ್ಗ. ನಿಮಿಷದ ಲೆಕ್ಕ ಇಲ್ಲಿ ಸೋಲುತ್ತದೆ. ಹಿಚಿನ್‌ನಲ್ಲಿ ಜನ ಹಣ ಕೊಡುವುದು ರೈಲಿಗೆ ಮಾತ್ರವಲ್ಲ, ಟೈಲ್‌ಹೌಸ್ ಬೀದಿಯ ವಾಲಿದ ಮರದ ಮನೆಗಳಿಗೆ, ಬ್ಯಾಂಕ್ರಾಫ್ಟ್ ಬೀದಿಯ ಅಗಲಕ್ಕೆ, ಚರ್ಚಿನ ಗಂಟೆಗೆ, ಸಂತೆಯ ಚೀಸಿಗೆ. ಅಂದರೆ ಹುಲ್ಲು ಹೆಣೆದವರು, ಉಣ್ಣೆ ಮಾರಿದವರು, ಬಿಯರ್ ಬಟ್ಟಿಯವರು ಬಿಟ್ಟುಹೋದದ್ದಕ್ಕೆ.

ಹೊಸ ಮನೆ ಕಟ್ಟಿದರೆ ಬೆಲೆ ಇಳಿಯದೇ ಎಂದು ಕೇಳಬಹುದು. ಊರ ಸುತ್ತ ಹಸಿರು ಪಟ್ಟಿ. ಅಲ್ಲಿ ಕಟ್ಟಲು ಅನುಮತಿ ಕಷ್ಟ. 2022ರಲ್ಲಿ ಇಲ್ಲಿನ ಆಡಳಿತ ಒಪ್ಪಿದ ಯೋಜನೆ ಆ ಪಟ್ಟಿಯ ಕೆಲವು ತುಂಡುಗಳನ್ನು ಮನೆಗಳಿಗೆ ಬಿಟ್ಟದ್ದು ವರ್ಷಗಟ್ಟಲೆ ವಾದದ ಮೇಲೆ. ವಿರೋಧಿಸುವವರು ಹೊಲ, ಹಕ್ಕಿ, ಟ್ರಾಫಿಕ್ಕು ಎನ್ನುತ್ತಾರೆ. ಅವೆಲ್ಲ ನಿಜ. ತಮ್ಮ ಮನೆಯ ಬೆಲೆ ಎಂದು ಯಾರೂ ಹೇಳುವುದಿಲ್ಲ.

ಬೆಳಿಗ್ಗೆ ಏಳರ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಊರಿನ ಒಂದು ಮುಖ ಕಾಣುತ್ತದೆ. ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಂದು ತಿಳಿದವರು ಅಲ್ಲೇ ನಿಂತಿರುತ್ತಾರೆ. ದಿನವೂ ನೋಡುವ ಮುಖಗಳಾದರೂ ಮಾತಿಲ್ಲ. ರೈಲು ರದ್ದಾದರೆ ಮಾತ್ರ ಎಲ್ಲರಿಗೂ ಬಾಯಿ ಬರುತ್ತದೆ. ಕೋವಿಡ್ ಆದ ಮೇಲೆ ಸೋಮವಾರ, ಶುಕ್ರವಾರ ಜನ ತೆಳು. ಮಂಗಳವಾರದಿಂದ ಗುರುವಾರದವರೆಗೆ ಒತ್ತು. ಮನೆಯಿಂದ ಕೆಲಸ ಮಾಡುವವರು ಹಗಲು ಹೊತ್ತು ಕಾಫಿ ಅಂಗಡಿಗಳಲ್ಲಿ ಸಿಗುತ್ತಾರೆ. ಎರಡೇ ದಿನ ಲಂಡನ್ನಿಗೆ ಹೋಗುವವನಿಗೆ ಹತ್ತು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ. ಅವನಿಗೆ ಬೇಕಾದದ್ದು ಮೇಜು ಹಾಕಲು ಇನ್ನೊಂದು ಕೋಣೆ. ಆ ಕೋಣೆಗೂ ಈಗ ಬೆಲೆ ಬಂದಿದೆ.

ಮಂಗಳವಾರ, ಶನಿವಾರ ಸಂತೆ. ತರಕಾರಿ, ಮೀನು, ಬಟ್ಟೆ, ಮೊಬೈಲಿನ ಕವಚ, ಬಿಸಿ ನೂಡಲ್ಸು. ದಾನದಂಗಡಿಗಳಲ್ಲಿ ಹಳೆಯ ಕೋಟು, ಹಳೆಯ ಪುಸ್ತಕ. ಊರಲ್ಲಿ ಗುರುದ್ವಾರವೊಂದಿದೆ. ಪಂಜಾಬಿನಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ದುಡಿದವರ ಮೊಮ್ಮಕ್ಕಳ ಇಂಗ್ಲಿಷು ಇಲ್ಲಿಯ ಮಣ್ಣಿನದೇ. ಹುಡುಗರ ಶಾಲೆ, ಹುಡುಗಿಯರ ಶಾಲೆ ಎರಡೂ ಸರ್ಕಾರದ ಹಣದಲ್ಲಿ ನಡೆಯುವ, ಹೆಸರುಳ್ಳ ಶಾಲೆಗಳು. ಫೀಸಿಲ್ಲ. ಸೀಟಿಗೆ ಮನೆ ಹತ್ತಿರವಿರಬೇಕು ಅಷ್ಟೆ; ಫೀಸು ಮನೆಯ ಬೆಲೆಯಲ್ಲಿ ಸೇರಿಹೋಗಿದೆ.

ಸಂತೆಯ ವ್ಯಾಪಾರಿಗಳು ಹಿಂದಿನಿಂದಲೂ ಹೊರಗಿನವರು. ಬೆಳಿಗ್ಗೆ ಬಂದು ಸಂಜೆ ಹೋಗುವವರು. ಈಗ ಆ ಸಾಲಿಗೆ ಶಾಲೆಯ ಸಹಾಯಕಿ, ಮುದುಕರನ್ನು ಮನೆಯಲ್ಲಿ ನೋಡಿಕೊಳ್ಳುವವಳು, ಕಾಫಿ ಮಾಡಿಕೊಡುವ ಹುಡುಗ ಸೇರಿದ್ದಾರೆ. ಊರಿಗೆ ಇವರು ಬೇಕು. ಊರಲ್ಲಿ ಇವರಿಗೆ ಮನೆ ಸಿಗುವುದಿಲ್ಲ. ಸಂಜೆ ಆರರ ಸುಮಾರಿಗೆ ಸ್ಟೇಷನ್ನಿನಿಂದ ಊರಿಗೆ ಇಳಿಯುವ ವಾಲ್ಸ್‌ವರ್ತ್ ರಸ್ತೆಯಲ್ಲಿ ಒಂದು ಸಾಲು ಕೆಳಗಿಳಿಯುತ್ತದೆ: ಲಂಡನ್ನಿನಿಂದ ಬಂದವರು, ಕಿವಿಯಲ್ಲಿ ಇಯರ್‌ಫೋನು, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ. ಅದೇ ಕಾಲುದಾರಿಯಲ್ಲಿ ಇನ್ನೊಂದು ಸಾಲು ಸ್ಟೇಷನ್ನಿನ ಕಡೆ ಹತ್ತುತ್ತದೆ, ಅಗ್ಗದ ಊರುಗಳಿಗೆ ಹೋಗುವ ರೈಲಿಗೆ. ಕಾಲುದಾರಿ ಕಿರಿದು. ಒಬ್ಬರಿಗೊಬ್ಬರು ‘ಸಾರಿ’ ಎಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.